ಅಪ್ಪನನ್ನು ಬಸ್ಸು ಹತ್ತಿಸಿದ ದಿನ

ಮುಧೋಳದಲ್ಲಿ ಬಸ್ಸಿಳಿದ ಅಪ್ಪ ಹೆಜ್ಜೆಯನ್ನೇ ಇಡದೆ ನಿಂತುಬಿಟ್ಟ. ನಮ್ಮೂರು ರನ್ನ ಬೆಳಗಲಿಯಿಂದ ಎತ್ತಿನ ಚಕ್ಕಡಿ ಹೊಡೆದುಕೊಂಡು ವಾರವಾರವೂ ಇದೇ ಸಂತೆಗೆ ಬರುತ್ತಿದ್ದವನು! ವಯಸ್ಸಾಯಿತು, ಇನ್ನು ಚಕ್ಕಡಿ ಸಾಕು ಎಂದು ಕಾಡಿ, ಹೊಸದಾಗಿ ಬಂದಿದ್ದ ಆಗಿನ ಮುಂಬಯಿ ಸರಕಾರದ ಬಸ್ಸನ್ನು ಅವತ್ತು ಮೊದಲ ಸಲ ಹತ್ತಿಸಿದ್ದೆ.

“ಯಾಕಪ್ಪಾ, ಸಂತಿ ಎದುರಿಗೇ ಐತಲ್ಲ?” ಎಂದೆ.

ಅಪ್ಪ ಗಾಳಿಯಲ್ಲಿ ಕೈ ಚಾಚಿ ನನ್ನ ತೋಳು ಹುಡುಕಿದ. “ನನಗೆಲ್ಲಿ ಕಾಣತೈತೋ ತಮ್ಮಾ. ಇಷ್ಟ ದಿನ ಎತ್ತುಗಳು ಕರಕೊಂಡ ಬರತಿದ್ದವು. ನಾ ಸುಮ್ಮನ ಹಗ್ಗ ಹಿಡಕೊಂಡ ಕುಂದರತಿದ್ದೆ.”

ಮನೆ, ಹೊಲ ಎಂದು ಸಲೀಸಾಗಿ ಓಡಾಡುತ್ತಿದ್ದವನ ಕಣ್ಣು ಹೋಗಿದೆಯೆಂದು ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.

ಅಪಾಯ ತಪ್ಪಿಸಿದೆನೋ, ಅಪ್ಪನ ಕಣ್ಣುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿ ಬಂದೆನೋ, ಇಂದಿಗೂ ನನಗೆ ತಿಳಿಯುತ್ತಿಲ್ಲ.