ನೆಲಕ್ಕೆ ತಾಗುವ ಕಾಲು

ತೆಕ್ಕಟ್ಟೆಯಲ್ಲಿ ನಮ್ಮ ನೆರೆಮನೆಯಲ್ಲಿದ್ದ ಮೇಷ್ಟ್ರು ಕುಂದಾಪುರದ ಕಾಲೇಜಿಗೂ ಬೈಕಿನಲ್ಲೇ ಹೋಗುತ್ತಿದ್ದರು, ಭಾನುವಾರ ಬೈಂದೂರಿನ ಕಡೆ ಸುತ್ತಾಡಲಿಕ್ಕೂ ಬೈಕಿನಲ್ಲೇ. ಕಾರಿನ ಮಾತೆತ್ತಿದರೆ ಮೂಗು ಮುರಿಯುತ್ತಿದ್ದರು.

"ಗಾಡಿ ನಿಂತ್ರೆ ಕಾಲ್ ನೆಲಕ್ಕೆ ತಾಗ್ಕ್ ಮಾರಾಯ್ರೆ. ಇಲ್ದಿರೆ ನಿಂತದ್ದೇ ಗೊತ್ತಾತಿಲ್ಲೆ."

ಹೆಂಡತಿಗೆ ಮಂಡಿನೋವು ಬಂದು ಬೈಕು ಹತ್ತಲಾಗದಾದಾಗ ಸೆಕೆಂಡ್ ಹ್ಯಾಂಡ್ ಕಾರು ತಂದರು. ತಿರುವು ಬಂದರೆ ಸ್ಟಿಯರಿಂಗ್ ಜೊತೆ ಮೈಯನ್ನೂ ವಾಲಿಸುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ನಗು.

ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಮುಂದಿನ ಲಾರಿ ನಿಂತಿತು. ಇವರೂ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆರೆದು ಬಲಗಾಲನ್ನು ರಸ್ತೆಗೆ ಊರಿಬಿಟ್ಟರು! ಹಿಂದಿನಿಂದ ಬಸ್ಸಿನ ಹಾರನ್ ಕೇಳಿತು.

"ಹ್ವಾಯ್, ಕಾಲ್!" ಎಂದು ಕಿರುಚಿದೆ.

ಕಾಲು ಒಳಗೆ ಬಂತು. ಬಾಗಿಲು ಬಸ್ಸಿನ ಜೊತೆ ಹೋಯಿತು.

ಬಸ್ಸಿನವರು ಬೈದದ್ದು, ಜನ ಸೇರಿದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಬಾಗಿಲಿಲ್ಲದ ಕಾರನ್ನು ಅವರೇ ಮೆಲ್ಲನೆ ಮನೆಗೆ ತಂದರು. ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆದದ್ದೇ ತಡ, ಬಾಗಿಲಿದ್ದ ಜಾಗದಿಂದ ಅವರ ಬಲಗಾಲು ತಾನಾಗಿ ಇಳಿದು ನೆಲ ಮುಟ್ಟಿತು.

ಇಬ್ಬರೂ ಆ ಕಾಲನ್ನೇ ನೋಡುತ್ತ ಕೂತೆವು.