ಎರಡನೇ ಸಲ ಕೇಳುವ ಅಕ್ಕ

ಬನಹಟ್ಟಿಯ ನಮ್ಮ ಓಣಿಯಲ್ಲಿ ಸೀರೆ ನೇಯುವ ಅಕ್ಕ ಒಬ್ಬರಿದ್ದರು. ಗಂಡ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅವರು ಮರಾಠಿ ಕಲಿತರು. ಅಲ್ಲಿಗೆ ಹೋಗುವ ನಮ್ಮೂರ ರೋಗಿಗಳ ಜೊತೆ, ಡಾಕ್ಟರ ಮರಾಠಿಯನ್ನು ಕನ್ನಡದಲ್ಲಿ ತಿಳಿಸಲೆಂದು ತಾವೂ ಹೊರಡುತ್ತಿದ್ದರು.

ನನ್ನ ತಾಯಿಯನ್ನು ತೋರಿಸಲು ಹೋದಾಗಲೂ ಬಂದಿದ್ದರು. ಸೆರಗಿನ ತುದಿ ಬಿಗಿಹಿಡಿದು, ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿಸಿದರು. ಡಾಕ್ಟರು ಸಿಡುಕಿದರೂ ಬಿಡಲಿಲ್ಲ. ಇವರಿಗೆ ನಿಜಕ್ಕೂ ಮರಾಠಿ ಬರುತ್ತದೆಯೋ ಇಲ್ಲವೋ ಎಂದು ನನಗೆ ಗೊಂದಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ: “ಅಕ್ಕಾ, ನಿಮಗ ತಿಳೀಲಿಲ್ಲೇನ್ರಿ?”

“ಮೊದಲನೇ ಸಲಕ್ಕ ತಿಳೀತು. ನಮ್ಮ ಮನ್ಯಾವ್ರನ್ನ ಅಲ್ಲಿ ಸೇರ್ಸಿದಾಗ ಡಾಕ್ಟರು ಏನಂದ್ರೋ, ಇವತ್ತಿಗೂ ಗೊತ್ತಿಲ್ಲ. ದೊಡ್ಡವ್ರು ಮಾತಾಡಾಕತ್ತಾರಂತ ಎಲ್ಲಾದಕ್ಕೂ ಹೂಂ ಅಂದಿದ್ದೆ.”

ನಾನೂ “ಹೂಂ” ಎಂದೆ.

ಅಕ್ಕ ನನ್ನತ್ತ ತಿರುಗಿದರು. “ಏನ ತಿಳೀತು, ಹೇಳು ನೋಡೂಣು.”