ಒಂದೇ ಹೂವಿಗೆ ಮೂರು ಪ್ರಶ್ನೆ

ಗುಡಿಯಲ್ಲಿ ದೇವರ ಮೇಲಿನ ಹೂ ಬಲಕ್ಕೆ ಬಿದ್ದದ್ದು ಖಂಡಿತ. ಉಳಿದದ್ದರ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಆ ದಿನ ನಾನು ಗುಡಿಗೆ ಬಂದೇ ಇರಲಿಲ್ಲ ಎಂದು ಅಪ್ಪ ಈಗಲೂ ವಾದಿಸುತ್ತಾನೆ. ಹೋಗಿದ್ದೆನೋ, ಕೇಳಿ ಕೇಳಿ ಹೋಗಿದ್ದೆನೆಂದು ನಂಬಿಕೊಂಡೆನೋ.

ಎಂಬತ್ತರ ದಶಕದ ನಡುವಿನ ಮಾತು, ನಾನಿನ್ನೂ ಚಿಕ್ಕವಳು. ಅಮ್ಮನ ತಾಯಿ ಮತ್ತು ಇಬ್ಬರು ಅಕ್ಕಂದಿರು ಸ್ತನ ಕ್ಯಾನ್ಸರಿನಿಂದಲೇ ಹೋಗಿದ್ದರು, ಮೂವರೂ ಐವತ್ತು ಕಾಣದೆ. ಇದು ವಂಶದಲ್ಲೇ ಇಳಿದು ಬರುವಂತಿದೆ, ರೋಗ ಬರುವ ಮೊದಲೇ ಎರಡೂ ಸ್ತನ ತೆಗೆಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ವಾಪಸ್ ಬರುವ ಬಸ್ಸು ತಿಪಟೂರು ಮುಟ್ಟುವಷ್ಟರಲ್ಲಿ ಅಮ್ಮ ಮನಸ್ಸು ಗಟ್ಟಿ ಮಾಡಿಯಾಗಿತ್ತು. ಒಪ್ಪದವಳು ಅಜ್ಜಿ, ಅಪ್ಪನ ತಾಯಿ.

“ಸುಳಿ ಕೊಳೆತ ಮರ ಕಡೀತಾರೆ. ಚೆನ್ನಾಗಿರೋ ಮರಕ್ಕೆ ಯಾರಾದ್ರೂ ಕೊಡ್ಲಿ ಹಾಕ್ತಾರೇನೇ?”

“ಮರ ಕಡಿಯಲ್ಲ ಅತ್ತೆ, ಕಾಯಿ ಕೀಳ್ತಾರೆ ಅಷ್ಟೆ,” ಎಂದಳು ಅಮ್ಮ.

ಅಪ್ಪ ಕೆಮ್ಮುತ್ತಾ ಎದ್ದು ತೋಟಕ್ಕೆ ಹೋದ.

ನಮ್ಮಲ್ಲಿ ಇಂಥ ಜಗಳ ದೇವರ ಮುಂದೆ ಹೋಗುತ್ತದೆ. ಪೂಜಾರಿ ಮೂರ್ತಿಗೆ ಹೂ ಏರಿಸುತ್ತಾರೆ, ನಾವು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಸೋಮವಾರ ಎಲ್ಲರೂ ಕಣ್ಣು ಮುಚ್ಚಿ ನಿಂತೆವು. ಹೂ ಬಹಳ ಹೊತ್ತು ಅಲುಗದೆ, ಕೊನೆಗೆ ಬಲಕ್ಕೆ ಜಾರಿತು.

“ಸರಿ, ಮಾಡಿಸ್ಬೋದು,” ಎಂದಳು ಅಮ್ಮ.

“ಏನ್ ಮಾಡ್ಸೋದು?” ಅಜ್ಜಿ ಗದರಿದಳು. “ಮಾಡಿಸ್ದೆ ಇರೋದೇ ಒಳ್ಳೇದಾ ಅಂತ ಕೇಳಿದ್ದು ನಾನು. ಸ್ವಾಮಿ ಹೂಂ ಅಂದವ್ನೆ!” ಆಮೇಲೆ ಮಗನ ಕಡೆ ತಿರುಗಿ, “ನೀನೇನ್ಲಾ ಕೇಳ್ಕೊಂಡೆ?”

ಅಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. “ಅಟ್ಟದ್ ಮೇಲಿರೋ ಕೊಬ್ಬರಿ ಈ ವಾರ ಮಾರ್ಬೋದಾ ಅಂತ.”

“ಥೂ! ಹೆಂಡ್ತಿ ಜೀವದ್ ವಿಷ್ಯ ಕಣ್ಲಾ!”

“ಮೂರ್ ಜನ ಮೂರ್ ಕೇಳಿದ್ರೆ ಸ್ವಾಮಿ ಯಾರ್‍ಗೆ ಅಂತ ಹೇಳ್ತಾನೆ ಬುಡ್ರವ್ವಾ,” ಎಂದ ಪೂಜಾರಿ ಇನ್ನೊಮ್ಮೆ ಹೂ ಏರಿಸಲು ಒಪ್ಪಲಿಲ್ಲ.

ಮೆಟ್ಟಿಲ ಮೇಲೆ ಅಮ್ಮ ಮೆಲ್ಲಗೆ ಹೇಳಿದಳು: “ಅತ್ತೆ, ನಂಗೂ ನಿಮ್ ವಯಸ್ಸಿಗೆ ಬಂದು ಸೊಸೇನ ಬೈಬೇಕು ಅಂತ ಆಸೆ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, “ಕೊಬ್ಬರಿ ಮಾರು ಕಣ್ಲಾ, ಆಸ್ಪತ್ರೆ ಖರ್ಚಿಗಾಯ್ತದೆ,” ಎಂದು ಅಪ್ಪನಿಗೆ ಅಂದಳು. ಆಸ್ಪತ್ರೆಗೂ ಅವಳೇ ಜೊತೆಗೆ ಹೋದಳು. ಅಮ್ಮ ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ತೆಂಗಿನ ತೋಟದ ಮನೆಗೇ ಎಳನೀರು ಹೊತ್ತು ತಂದು, ಏನು ಕಾಯಿಲೆಯೆಂದು ಕೇಳುತ್ತಿದ್ದರು. “ಕಾಯ್ಲೆ ಎಲ್ಲೈತೆ? ಬರೋಕ್ ಮುಂಚೆನೇ ಬಾಗ್ಲು ಹಾಕಿದ್ವಿ,” ಎನ್ನುತ್ತಿದ್ದಳು ಅಜ್ಜಿ, ಇಡೀ ಯೋಚನೆ ತನ್ನದೇ ಎನ್ನುವ ಹಾಗೆ.

ಎಷ್ಟೋ ವರ್ಷಗಳ ಮೇಲೆ, ಎಂ.ಎ. ಓದುವಾಗ ನಾನು ರಜೆಗೆ ಬಂದಿದ್ದೆ. ಅಮ್ಮ ರವಿಕೆಯೊಳಗೆ ಹತ್ತಿ ತುಂಬಿ ಹೊಲಿಯುತ್ತಾ, ಎರಡೂ ಕಡೆ ಸಮ ಬಂತಾ ನೋಡೇ ಎಂದು ನಗುತ್ತಿದ್ದಳು. ಅವಳು ಹಲ್ಲಿನಿಂದ ದಾರ ಕಡಿಯುತ್ತಿದ್ದಾಗ ನಾನು ಕೇಳಿದೆ:

“ನಿನ್ನಮ್ಮನಿಂದ ನಿಂಗೆ ಬರೋದಾದ್ರೆ, ನಿನ್ನಿಂದ ನಂಗೆ ಬರಲ್ವೇನಮ್ಮಾ?”